ಕಾಲು ಬಿದ್ದ ಕೋಳಿಮರಿ: ಹಂತ ಹಂತವಾಗಿ ನೋಡಿ, ಎತ್ತಿ ನಿಲ್ಲಿಸಿ

ಬೆಳಿಗ್ಗೆ ಬುಟ್ಟಿ ಎತ್ತಿದ ಕೂಡಲೇ ಮರಿಗಳೆಲ್ಲ ತಾಯಿಯ ಹಿಂದೆ ಅಂಗಳಕ್ಕೆ ಓಡುತ್ತವೆ. ಒಂದು ಮಾತ್ರ ಕುಳಿತಲ್ಲೇ ಇರುತ್ತದೆ. ಕಣ್ಣು ಚುರುಕಾಗಿಯೇ ಇದೆ, ಕೂಗುತ್ತಲೂ ಇದೆ. ಏಳಲು ನೋಡುತ್ತದೆ, ಮುಗ್ಗರಿಸಿ ಮತ್ತೆ ಕೂರುತ್ತದೆ. "ಕಾಲ ಬಿದ್ದಾವ, ಇನ್ನ ಇದು ಉಳಿಯೂದಿಲ್ಲ ಬಿಡವಾ" ಎಂದು ಮನೆಯ ಹಿರಿಯರು ಹೇಳುತ್ತಾರೆ. ಸಂಜೆಯ ಹೊತ್ತಿಗೆ ಮರಿ ಸತ್ತಿರುತ್ತದೆ, ಹಿರಿಯರ ಮಾತೇ ನಿಜವಾಯಿತು ಎನಿಸುತ್ತದೆ.

ಆದರೆ ಆ ಮರಿಯನ್ನು ಕೊಂದದ್ದು ಬಹಳ ಸಲ ಕಾಲಿನ ರೋಗವಲ್ಲ, ಬಾಯಾರಿಕೆ. ನಾಲ್ಕು ಗೇಣು ದೂರದ ನೀರಿನ ತಟ್ಟೆಯವರೆಗೆ ಹೋಗಲಾರದೆ, ಉಳಿದ ಮರಿಗಳ ತುಳಿತಕ್ಕೂ ಕುಕ್ಕಿಗೂ ಸಿಕ್ಕು ಅದು ಸೋಲುತ್ತದೆ. ಕಾಲು ಬಿದ್ದ ಮರಿಯನ್ನು ಸತ್ತ ಮರಿಯ ಲೆಕ್ಕಕ್ಕೆ ಸೇರಿಸಬೇಡಿ ಎಂದು ಹೇಳುವುದಕ್ಕಾಗಿಯೇ ಈ ಬರಹ. ಮೊದಲ ದಿನ ಸರಿಯಾಗಿ ನೋಡಿಕೊಂಡರೆ ಎದ್ದು ಓಡುವ ಮರಿಗಳು ಎಷ್ಟೋ ಇವೆ. ಏಳಲಾರದ ಮರಿಯೂ ಉಳಿದವುಗಳಿಗೆ ಏನು ಕೊರತೆಯಿದೆ ಎಂಬುದನ್ನು ತೋರಿಸಿಕೊಟ್ಟು ಹೋಗುತ್ತದೆ.

ನಮ್ಮ ಹುನಗುಂದ ಸೀಮೆಯ ಮರೋಳ ಎಂದರೆ ಹೊರಗಿನವರಿಗೆ ರಾಮಥಾಳ–ಮರೋಳ ಹನಿ ನೀರಾವರಿ ಯೋಜನೆ ನೆನಪಾಗುತ್ತದೆ. ಕೋಳಿ ಸಾಕುವವರ ಕಣ್ಣಿನಿಂದ ಈ ಸೀಮೆಯನ್ನು ನೋಡಿದರೆ ಬೇರೆ ನಾಲ್ಕು ಸಂಗತಿ ಎದ್ದು ಕಾಣುತ್ತವೆ. ಎರಿಹೊಲದ ಬಿಳಿಜೋಳ, ಕಲ್ಲು ಹಾಸಿದ ನುಣುಪು ನೆಲ, ಸಂದು ಬಿಟ್ಟ ಕಲ್ಲು–ಮಣ್ಣಿನ ಗೋಡೆ, ಇಳಕಲ್ಲಿನ ಮಗ್ಗದಿಂದ ಹಾರಿಬರುವ ನೂಲಿನ ಎಳೆ. ಈ ನಾಲ್ಕಕ್ಕೂ ಮರಿಯ ಕಾಲಿಗೂ ನಂಟಿದೆ. ಅದು ಹೇಗೆಂದು ಮುಂದೆ ನೋಡೋಣ.

ಮೊದಲು ಕೈಗೆ ಇಟ್ಟುಕೊಳ್ಳಬೇಕಾದ ಸಾಮಾನು

- ಒಂದು ರಟ್ಟಿನ ಡಬ್ಬಿ ಅಥವಾ ಸಣ್ಣ ಬುಟ್ಟಿ, ಹಾಸಲು ಗೋಣಿಚೀಲದ ತುಂಡು
- 60 ವಾಟ್‌ನ ಹಳೆಯ ಮಾದರಿಯ ಬಲ್ಬು (ಎಲ್‌ಇಡಿ ಬಲ್ಬು ಕಾವು ಕೊಡುವುದಿಲ್ಲ); ಕರೆಂಟು ಹೋದರೆ ಬಿಸಿನೀರು ತುಂಬಿದ ಬಾಟಲಿ, ಅದಕ್ಕೆ ಸುತ್ತಲು ಬಟ್ಟೆ
- ಹನಿ ಹಾಕುವ ಡ್ರಾಪರ್ ಅಥವಾ ಸೂಜಿ ತೆಗೆದ ಸಿರಿಂಜು
- ಬ್ಯಾಂಡೇಡ್ ಪಟ್ಟಿ, ಸಣ್ಣ ಕತ್ತರಿ, ಚಿಮಟ
- ಬಿ-ಕಾಂಪ್ಲೆಕ್ಸ್ ಮಾತ್ರೆ. ಕೋಳಿಗೆಂದೇ ಮಾರುವ ಎ, ಡಿ3, ಇ ವಿಟಮಿನ್ ದ್ರವ
- ಮರಿಗಳ ಆಹಾರ, ಅಂದರೆ ಅಂಗಡಿಯಲ್ಲಿ ಸಿಗುವ ಚಿಕ್ ಸ್ಟಾರ್ಟರ್
- ಒಂದು ಸಣ್ಣ ನೋಟ್‌ಬುಕ್ಕು

ಹಂತ 1: ಬೇರೆ ಮಾಡಿ, ಬೆಚ್ಚಗಿಡಿ, ನೀರು ಕುಡಿಸಿ

ರೋಗ ಯಾವುದೆಂದು ಹುಡುಕುವುದಕ್ಕೆ ಮುಂಚೆ ಈ ಮೂರು ಕೆಲಸ ಆಗಬೇಕು.

ಮರಿಯನ್ನು ಗುಂಪಿನಿಂದ ಎತ್ತಿ ಡಬ್ಬಿಗೆ ಹಾಕಿ. ರೋಗ ಅಂಟುವಂಥದ್ದಾಗಿದ್ದರೆ ಉಳಿದವು ಬಚಾವಾಗುತ್ತವೆ. ಅಲ್ಲದಿದ್ದರೆ ಈ ಮರಿ ತುಳಿತದಿಂದ ಬಚಾವಾಗುತ್ತದೆ. ಎರಡು ರೀತಿಯಲ್ಲೂ ಲಾಭವೇ.

ಅದರ ಪಾದವನ್ನು ನಿಮ್ಮ ಕೆನ್ನೆಗೆ ಮುಟ್ಟಿಸಿ ನೋಡಿ. ತಣ್ಣಗಿದ್ದರೆ ಮರಿಗೆ ಚಳಿ ಹಿಡಿದಿದೆ. ಮೊದಲ ವಾರದ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು, ಆಮೇಲೆ ವಾರಕ್ಕೆ 2–3 ಡಿಗ್ರಿ ಇಳಿಸುತ್ತ ಬರಬೇಕು. ಬಲ್ಬನ್ನು ಡಬ್ಬಿಯ ಒಂದೇ ಮೂಲೆಗೆ ಬೆಳಕು ಬೀಳುವಂತೆ ಕಟ್ಟಿ. ಸೆಕೆಯಾದರೆ ತೆವಳಿಕೊಂಡು ಸರಿಯಲು ಇನ್ನೊಂದು ಮೂಲೆ ಇರಲಿ. ನಮ್ಮ ಏಪ್ರಿಲ್–ಮೇ ಹಗಲಿನಲ್ಲಿ ಬಲ್ಬಿನ ಗೊಡವೆಯೇ ಬೇಡ, ಆಗ ನೆರಳು ಸಾಕು. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಕಾವು ಹೆಚ್ಚಾಗಿದೆ ಎಂದು ತಿಳಿಯಿರಿ.

ಇನ್ನು ನೀರು. ಬಾಯಿ ಬಿಡಿಸಿ ಒಳಗೆ ಪಿಚಕಾರಿ ಹೊಡೆಯಬೇಡಿ. ಕೋಳಿಯ ಉಸಿರಿನ ದ್ವಾರ ನಾಲಿಗೆಯ ಬುಡದಲ್ಲೇ ಇದೆ. ನೀರು ಅದರೊಳಗೆ ಹೋದರೆ ಮರಿ ಉಸಿರುಗಟ್ಟಿ ಸಾಯುತ್ತದೆ. ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ಬಿಡಿ, ಅದು ತಾನೇ ಚಪ್ಪರಿಸಿ ನುಂಗುತ್ತದೆ. ಇಲ್ಲವೇ ಕೊಕ್ಕಿನ ತುದಿಯನ್ನು ಮಾತ್ರ ನೀರಿನ ಬಟ್ಟಲಿಗೆ ಅದ್ದಿ. ಪೂರ್ತಿ ಸೊರಗಿದ ಮರಿಗೆ ಮೊದಲ ದಿನ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಕೊಡಿ. ಮರುದಿನದಿಂದ ಬರಿ ನೀರು ಸಾಕು. ಬಟ್ಟಲು ಕುಳಿತಲ್ಲಿಂದಲೇ ಕೊಕ್ಕಿಗೆ ಎಟುಕುವಂತಿರಲಿ, ಮರಿ ಮುಗ್ಗರಿಸಿದರೂ ಮುಳುಗದಷ್ಟು ಆಳವಿಲ್ಲದ್ದಾಗಿರಲಿ.

ಹಂತ 2: ಐದು ಪ್ರಶ್ನೆ ಕೇಳಿಕೊಳ್ಳಿ, ಉತ್ತರ ಬರೆದಿಡಿ

1. ಮರಿಗೆ ಎಷ್ಟು ದಿನ? ಮೊದಲ ನಾಲ್ಕೈದು ದಿನದಲ್ಲಾದರೆ ನೆಲದ ಜಾರಿಕೆಯೋ ಮೊಟ್ಟೆಯೊಳಗಿನ ದೋಷವೋ ಇರಬಹುದು. 1ರಿಂದ 4 ವಾರದೊಳಗಾದರೆ ಆಹಾರದ ಕೊರತೆಯನ್ನು ಮೊದಲು ಗುಮಾನಿಸಬೇಕು. ಆರು ವಾರ ದಾಟಿದ ಮೇಲೆ ಮಾರೆಕ್ಸ್ ರೋಗದ ನೆನಪಿರಲಿ.
2. ಒಂದು ಕಾಲೋ, ಎರಡೂ ಕಾಲೋ? ಒಂದೇ ಕಾಲಾದರೆ ಪೆಟ್ಟು, ಸುತ್ತಿಕೊಂಡ ದಾರ, ಜಾರಿದ ಸ್ನಾಯುರಜ್ಜು ಅಥವಾ ಮಾರೆಕ್ಸ್. ಎರಡೂ ಆದರೆ ಹೆಚ್ಚಾಗಿ ಆಹಾರ, ವಿಷ ಅಥವಾ ಮೈಗೆಲ್ಲ ಹರಡಿದ ರೋಗ.
3. ಒಂದೇ ಮರಿಯೋ, ಹಲವೋ? ಒಂದೇ ದಿನ ನಾಲ್ಕೈದು ಬಿದ್ದವೆಂದರೆ ನೇರವಾಗಿ ಹಂತ 5ಕ್ಕೆ ಹೋಗಿ.
4. ಏನು ತಿನ್ನಿಸುತ್ತಿದ್ದೀರಿ? ನೆನಪಿನಿಂದ ಹೇಳಬೇಡಿ, ತಟ್ಟೆಯಲ್ಲಿ ಇರುವುದನ್ನು ನೋಡಿ ಬರೆಯಿರಿ.
5. ಹಿಕ್ಕೆ ಹೇಗಿದೆ? ಬಿಳಿ ತುದಿಯ ಗಟ್ಟಿ ಹಿಕ್ಕೆ ಒಳ್ಳೆಯದು. ರಕ್ತ ಅಥವಾ ಹಸಿರು ನೀರು ಕಂಡರೆ ರೋಗ ಕಾಲಿನದಲ್ಲ, ಒಳಗಿನದು.

ಹಂತ 3: ಬೆರಳಿನಿಂದ ರೆಕ್ಕೆಯವರೆಗೆ ಕೈಯಾಡಿಸಿ ನೋಡಿ

ಮರಿಯನ್ನು ಬಟ್ಟೆಯಲ್ಲಿ ಸುತ್ತಿ ಅಂಗಾತ ಹಿಡಿದು ಹಗಲು ಬೆಳಕಿನಲ್ಲಿ ನೋಡಿ. ಪಕ್ಕದಲ್ಲಿ ಅದೇ ವಯಸ್ಸಿನ ಗಟ್ಟಿಮುಟ್ಟಾದ ಮರಿಯೊಂದು ಇರಲಿ. ಪ್ರತಿ ಸಲವೂ ಎರಡನ್ನೂ ಹೋಲಿಸಿದರೆ ಹೊಸಬರಿಗೂ ವ್ಯತ್ಯಾಸ ತಿಳಿಯುತ್ತದೆ.

ಬೆರಳು: ನೆಟ್ಟಗೆ ಹರಡಿವೆಯೋ, ಮುಷ್ಟಿಯಂತೆ ಒಳಗೆ ಮಡಚಿವೆಯೋ? ಬೆರಳುಗಳ ಸಂದಿನಲ್ಲಿ, ಪಾದದ ಮೇಲ್ಭಾಗದಲ್ಲಿ ದಾರ ಅಥವಾ ಕೂದಲು ಸುತ್ತಿದೆಯೇ? ಮಗ್ಗವಿರುವ ಮನೆಗಳ ಅಂಗಳದಲ್ಲಿ ಇದನ್ನು ಮರೆಯದೆ ನೋಡಬೇಕು. ರೇಷ್ಮೆಯ ಒಂದೇ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣಗಿದ್ದು, ಮರಿ ಬೆಳೆದಂತೆ ಬಿಗಿಯುತ್ತ ಹೋಗಿ ಪಾದ ಊದಿ ಕಪ್ಪಾಗುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಐದು ನಿಮಿಷ ಅದ್ದಿ, ಸಣ್ಣ ಕತ್ತರಿಯಿಂದ ಎಳೆ ಕತ್ತರಿಸಿ, ಚಿಮಟದಿಂದ ಒಂದೊಂದಾಗಿ ಬಿಡಿಸಿ. ಗಾಯಕ್ಕೆ ಪೊವಿಡೋನ್ ಅಯೋಡಿನ್ ಹಚ್ಚಿ. ದಾರ ಬಿಡಿಸಿದ ದಿನವೇ ನಡೆಯುವ ಮರಿಗಳುಂಟು.

ಅಂಗಾಲು: ಕಪ್ಪು ಹಕ್ಕಳೆ, ಊತ ಇದೆಯೇ? ಮುಳ್ಳು ಚುಚ್ಚಿರಬಹುದು. ಜಾಲಿಮುಳ್ಳಿನ ಬೇಲಿ ಇರುವಲ್ಲಿ ಇದು ಸಾಮಾನ್ಯ.

ಹಿಂದಕ್ಕೆ ಚಾಚಿದ ಕೀಲು: ನಾವು ಇದನ್ನು ಕೋಳಿಯ ಮೊಣಕಾಲು ಎನ್ನುತ್ತೇವೆ, ವಾಸ್ತವದಲ್ಲಿ ಅದು ಹಿಮ್ಮಡಿಯ ಕೀಲು. ನಿಜವಾದ ಮೊಣಕಾಲು ಪುಕ್ಕದೊಳಗೆ, ಹೊಟ್ಟೆಯ ಹತ್ತಿರ ಅಡಗಿದೆ. ಈ ಹಿಮ್ಮಡಿ ಕೀಲಿನ ಹಿಂಬದಿಯಲ್ಲಿ ಒಂದು ಕಾಲುವೆಯಂಥ ತಗ್ಗಿದೆ, ಅದರಲ್ಲಿ ಬಿಗಿಯಾದ ಹುರಿಯಂಥ ಸ್ನಾಯುರಜ್ಜು ಕೂತಿರುತ್ತದೆ. ಗಟ್ಟಿಮುಟ್ಟಾದ ಮರಿಯಲ್ಲಿ ಬೆರಳಾಡಿಸಿದರೆ ಹುರಿ ನಡುವೆಯೇ ಸಿಗುತ್ತದೆ. ಅದು ಪಕ್ಕಕ್ಕೆ ಸರಿದು ಹಿಂಬದಿ ಚಪ್ಪಟೆ ಅನಿಸಿದರೆ ರಜ್ಜು ಜಾರಿದೆ.

ಕಾಲೆಲುಬು ಮತ್ತು ಕೊಕ್ಕು: ಕೊಕ್ಕಿನ ತುದಿಯನ್ನು ಮೆಲ್ಲಗೆ ಅದುಮಿ. ರಬ್ಬರಿನಂತೆ ಬಾಗಿದರೆ ಎಲುಬಿಗೆ ಗಟ್ಟಿತನ ಸಾಲದು. ಎಲುಬು ಮುರಿದಿದ್ದರೆ ಆ ಜಾಗದಲ್ಲಿ ಊತ, ನೀಲಿ ಬಣ್ಣ ಇರುತ್ತದೆ, ಮುಟ್ಟಿದರೆ ಮರಿ ಚೀರುತ್ತದೆ.

ರೆಕ್ಕೆಯ ಅಡಿ, ತೊಡೆಯ ಸಂದು: ಉಣ್ಣಿ ಹತ್ತಿದೆಯೇ? ಕಲ್ಲು–ಮಣ್ಣಿನ ಗೋಡೆಯ ಸಂದಿನಲ್ಲಿ ಕೋಳಿ ಉಣ್ಣಿ ಹಗಲೆಲ್ಲ ಅಡಗಿ ರಾತ್ರಿ ಬಂದು ರಕ್ತ ಹೀರುತ್ತದೆ. ಅದರ ಎಳೆಮರಿಗಳು ಮಾತ್ರ ಹಲವು ದಿನ ಚರ್ಮಕ್ಕೇ ಕಚ್ಚಿಕೊಂಡಿರುತ್ತವೆ. ಅವುಗಳ ಜೊಲ್ಲಿನ ವಿಷದಿಂದಲೂ ಮರಿಯ ಕಾಲು ಸೋಲುತ್ತದೆ. ಕೆಂಪು–ನೀಲಿ ಕಾಳಿನಂತೆ ಕಂಡವನ್ನು ಚಿಮಟದಿಂದ ಬುಡ ಹಿಡಿದು ಕಿತ್ತು ಸಾಬೂನು ನೀರಿಗೆ ಹಾಕಿ. ಸೀಮೆಎಣ್ಣೆ ಸವರಬೇಡಿ, ಮರಿಯ ಚರ್ಮ ಸುಟ್ಟುಹೋಗುತ್ತದೆ.

ಹಂತ 4: ಕಂಡದ್ದಕ್ಕೆ ತಕ್ಕ ಉಪಚಾರ ಮಾಡಿ

*ಅ. ಎರಡೂ ಕಾಲು ಬದಿಗೆ ಜಾರಿ ಹರಡಿವೆ, ಮರಿಗೆ ಇನ್ನೂ ವಾರವಾಗಿಲ್ಲ*

ಹೆಚ್ಚಾಗಿ ನೆಲ ಜಾರಿದ್ದೇ ಕಾರಣ. ನಯಗೊಳಿಸಿದ ಗ್ರಾನೈಟು, ಟೈಲ್ಸು, ಪರಸಿಕಲ್ಲು, ಅಥವಾ ಡಬ್ಬಿಯೊಳಗೆ ಹಾಸಿದ ಪೇಪರು ಮರಿಯ ಪಾದಕ್ಕೆ ಹಿಡಿತ ಕೊಡುವುದಿಲ್ಲ. ಒಂದೆರಡು ದಿನ ಜಾರುತ್ತಲೇ ನಿಂತರೆ ತೊಡೆಯ ಕೀಲು ಸಡಿಲವಾಗಿ ಕಾಲು ಹೊರಕ್ಕೆ ವಾಲುತ್ತದೆ.

ಬ್ಯಾಂಡೇಡ್ ಪಟ್ಟಿಯನ್ನು ಉದ್ದುದ್ದ ಎರಡಾಗಿ ಸೀಳಿ. ಹತ್ತಿಯ ಭಾಗ ಎರಡು ಕಾಲಿನ ನಡುವೆ ಬರುವಂತೆ, ಪಾದಕ್ಕೂ ಹಿಮ್ಮಡಿ ಕೀಲಿಗೂ ನಡುವೆ, ಒಂದು ತುದಿಯನ್ನು ಒಂದು ಕಾಲಿಗೆ, ಇನ್ನೊಂದನ್ನು ಮತ್ತೊಂದು ಕಾಲಿಗೆ ಸುತ್ತಿ. ಕಾಲುಗಳ ನಡುವೆ ಒಂದು ಹೆಬ್ಬೆರಳಿನ ಅಗಲ, ಸುಮಾರು 2.5 ಸೆಂ.ಮೀ. ಅಂತರ ಉಳಿಯಲಿ. ಅದಕ್ಕಿಂತ ಹತ್ತಿರ ಕಟ್ಟಿದರೆ ಮರಿ ಮುಖ ಕೆಳಗಾಗಿ ಬೀಳುತ್ತದೆ. ಪಾದ ಬಾತರೆ ಕಟ್ಟು ಬಿಗಿಯಾಗಿದೆ, ಕೂಡಲೇ ಸಡಿಲಿಸಿ. ಕೆಳಗೆ ಗೋಣಿಚೀಲ ಹಾಸಿ. ದಿನಕ್ಕೊಮ್ಮೆ ಪಟ್ಟಿ ಬಿಚ್ಚಿ ನಡೆಸಿ ನೋಡಿ, ಹೊಸದು ಕಟ್ಟಿ. ಬೇಗ ಶುರುಮಾಡಿದರೆ 3–5 ದಿನದಲ್ಲಿ ಕಾಲು ನೆಟ್ಟಗಾಗುತ್ತವೆ. ವಾರ, ಎರಡು ವಾರ ತಡವಾದರೆ ಎಲುಬು ಆ ರೀತಿಯಲ್ಲೇ ಬೆಳೆದುಬಿಡುತ್ತದೆ.

*ಆ. ಬೆರಳುಗಳು ಒಳಗೆ ಮಡಚಿವೆ, ಮರಿ ಹಿಮ್ಮಡಿ ಕೀಲಿನ ಮೇಲೆ ಕೂತು ತೆವಳುತ್ತದೆ*

ಒಂದರಿಂದ ಮೂರು ವಾರದ ಮರಿ, ಚೆನ್ನಾಗಿ ತಿನ್ನುತ್ತದೆ, ಕಣ್ಣು ಚುರುಕಾಗಿದೆ, ಆದರೆ ಮುಷ್ಟಿ ಕಟ್ಟಿದ ಪಾದದಿಂದ ನಿಲ್ಲಲಾರದು. ಇದು ವಿಟಮಿನ್ ಬಿ2, ಅಂದರೆ ರೈಬೋಫ್ಲೇವಿನ್ ಕೊರತೆ. ಕಾಲಿಗೆ ಹೋಗುವ ದೊಡ್ಡ ನರ ಊದಿಕೊಂಡು ಕೆಲಸ ಬಿಡುತ್ತದೆ.

ಇಲ್ಲಿ ನಮ್ಮ ಜೋಳದ ನಂಟು ಬರುತ್ತದೆ. ಬಿಳಿಜೋಳ ಮನುಷ್ಯರಿಗೆ ಒಳ್ಳೆಯ ಊಟ. ಆದರೆ ಬರಿ ಜೋಳದ ನುಚ್ಚಿನ ಮೇಲೆ ಬೆಳೆವ ಮರಿಗೆ ಬಿ2 ಸಾಲದು, ಸುಣ್ಣದ ಅಂಶ ಸಾಲದು, ಎ ವಿಟಮಿನ್ ಇಲ್ಲವೆನ್ನುವಷ್ಟು ಕಡಿಮೆ. ತಾಯಿಯ ಹಿಂದೆ ತಿಪ್ಪೆ ಕೆದರುವ ನಾಟಿ ಮರಿ ಗೆದ್ದಲು, ಹುಳ, ಹಸಿರು ತಿಂದು ಈ ಕೊರತೆ ತುಂಬಿಕೊಳ್ಳುತ್ತದೆ. ಬೇಸಿಗೆಯಲ್ಲಿ ಎರಿಹೊಲ ಬಿರಿದು ಹಸಿರು ಮಾಯವಾದಾಗ ಅದಕ್ಕೂ ಕಷ್ಟ. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜದಂಥ ತಳಿಯ ಮರಿ ಇನ್ನೂ ಬೇಗ ಬೆಳೆಯುತ್ತದೆ. ಅದನ್ನು ಕೂಡಿಹಾಕಿ ನುಚ್ಚು ಮಾತ್ರ ಹಾಕಿದರೆ ಮೈ ಬೆಳೆದಷ್ಟು ಕಾಲು ಗಟ್ಟಿಯಾಗುವುದಿಲ್ಲ.

ಉಪಚಾರ ಸುಲಭ, ಅಗ್ಗವೂ ಹೌದು. 10 ಮಿ.ಗ್ರಾಂ ಬಿ2 ಇರುವ ಬಿ-ಕಾಂಪ್ಲೆಕ್ಸ್ ಮಾತ್ರೆಯೊಂದನ್ನು (ಚೀಟಿಯ ಮೇಲೆ ಓದಿ ನೋಡಿ) ಪುಡಿ ಮಾಡಿ 100 ಮಿ.ಲೀ. ನೀರಲ್ಲಿ ಕಲಸಿ. ಈಗ ಪ್ರತಿ 1 ಮಿ.ಲೀ. ನೀರಲ್ಲಿ ಬಿ2ದ ಹತ್ತನೇ ಒಂದು ಮಿ.ಗ್ರಾಂ ಇದೆ, ಮರಿಗೆ ಒಂದು ಸಲಕ್ಕೆ ಬೇಕಾದದ್ದು ಅಷ್ಟೇ. ಬೆಳಿಗ್ಗೆ 1 ಮಿ.ಲೀ., ಸಂಜೆ 1 ಮಿ.ಲೀ. ಹನಿ ಹನಿಯಾಗಿ ಕುಡಿಸಿ. ಮೂರು ದಿನ ಹೀಗೆ ಮಾಡಿ. ಉಳಿದ ನೀರನ್ನು ಅದೇ ಗುಂಪಿನ ಮಿಕ್ಕ ಮರಿಗಳ ತಟ್ಟೆಗೆ ಹಾಕಿ, ಅವಕ್ಕೂ ಕೊರತೆ ಇದ್ದೇ ಇರುತ್ತದೆ. ಬೆಳಕಿಗೆ ಬಿ2 ಕೆಡುತ್ತದೆ. ತಟ್ಟೆ ನೆರಳಲ್ಲಿರಲಿ, ದಿನಾ ಹೊಸದಾಗಿ ಕಲಸಿ. ಜೊತೆಗೆ ಆಹಾರ ಬದಲಿಸಿ ಚಿಕ್ ಸ್ಟಾರ್ಟರ್ ಕೊಡಿ. ನೆನೆಸಿದ ಆಹಾರಕ್ಕೆ ಸ್ವಲ್ಪ ಮಜ್ಜಿಗೆ ಕಲಸಬಹುದು, ಅದರಲ್ಲೂ ಬಿ2 ಇದೆ. ಹೊಸದಾಗಿ ಬಿದ್ದ ಮರಿ ಒಂದೆರಡು ದಿನದಲ್ಲೇ ಬೆರಳು ಬಿಚ್ಚುತ್ತದೆ. ವಾರಗಟ್ಟಲೆ ಮಡಚಿಕೊಂಡೇ ಇದ್ದ ಬೆರಳು ಮಾತ್ರ ತಿರುಗಿ ಬರುವುದು ಕಷ್ಟ, ನರವೇ ಕೆಟ್ಟಿರುತ್ತದೆ.

ಒಂದು ಮಾತು. ಮೊಟ್ಟೆಯಿಂದ ಹೊರಬಂದ ದಿನವೇ ಬೆರಳು ಡೊಂಕಾಗಿದ್ದರೆ ಅದಕ್ಕೆ ರಟ್ಟಿನ ಮೆಟ್ಟು ಸಾಕು. ಪಾದದಗಲ ತೆಳು ರಟ್ಟು ಕತ್ತರಿಸಿ, ಬೆರಳುಗಳನ್ನು ನೆಟ್ಟಗೆ ಹರಡಿ, ಬ್ಯಾಂಡೇಡಿನಿಂದ ಅಂಟಿಸಿ 2–3 ದಿನ ಬಿಡಿ.

*ಇ. ಕೊಕ್ಕು ಮೆತ್ತಗಿದೆ, ಕೀಲು ದಪ್ಪವಾಗಿದೆ, ನಡೆದರೆ ತೂರಾಡುತ್ತದೆ*

ಇದು ಎಲುಬು ಮೆತ್ತಗಾಗುವ ರೋಗ, ರಿಕೆಟ್ಸ್. ಡಿ3 ವಿಟಮಿನ್, ಕ್ಯಾಲ್ಸಿಯಂ, ರಂಜಕ ಈ ಮೂರರಲ್ಲಿ ಒಂದು ಕಡಿಮೆಯಾದರೂ, ಅವುಗಳ ತೂಕ ತಪ್ಪಿದರೂ ಬರುತ್ತದೆ. ಕಾಳಿನಲ್ಲಿ ರಂಜಕವಿದೆ, ಆದರೆ ಅದರ ಬಹುಪಾಲನ್ನು ಮರಿಯ ಹೊಟ್ಟೆ ಬಿಡಿಸಿಕೊಳ್ಳಲಾರದು.

ಡಿ3 ದ್ರವವನ್ನು ಬಾಟಲಿಯ ಮೇಲಿನ ಅಳತೆಯಂತೆ ಐದರಿಂದ ಏಳು ದಿನ ಕೊಡಿ. ಎಳೆಬಿಸಿಲಿನಲ್ಲಿ ದಿನಾ ಅರ್ಧ ಗಂಟೆ ಬಿಡಿ. ಬಿಸಿಲು ಮೈಗೆ ನೇರ ತಾಗಬೇಕು, ಕಿಟಕಿಯ ಗಾಜಿನ ಹಿಂದಿನ ಬಿಸಿಲಿನಿಂದ ಡಿ3 ಆಗುವುದಿಲ್ಲ. ಮನುಷ್ಯರಿಗೆ ಕೊಡುವ 60,000 ಯೂನಿಟ್ಟಿನ ಡಿ3 ಪುಡಿಯನ್ನು ಅಂದಾಜಿಗೆ ಹಾಕಬೇಡಿ, ಹೆಚ್ಚಾದರೆ ಮೂತ್ರಪಿಂಡ ಹಾಳಾಗುತ್ತದೆ. ಎಲೆಗೆ ಹಚ್ಚುವ ಸುಣ್ಣವನ್ನು ಬಾಯಿಗೆ ಹಾಕಬೇಡಿ, ಸುಡುತ್ತದೆ. ಮೊಟ್ಟೆ ಇಡುವ ಕೋಳಿಯ ಲೇಯರ್ ಆಹಾರವೂ ಬೇಡ. ಅದರಲ್ಲಿ ಕ್ಯಾಲ್ಸಿಯಂ 3.5%ಕ್ಕೂ ಮೇಲಿರುತ್ತದೆ, ಮರಿಗೆ ಬೇಕಾದದ್ದು ಸುಮಾರು 1% ಮಾತ್ರ. ಗಟ್ಟಿಯಾಗಲಿ ಎಂದು ಸುಣ್ಣದ ಅಂಶ ಸುರಿದರೆ ರೋಗ ಹೆಚ್ಚುತ್ತದೆ.

*ಈ. ಒಂದು ಹಿಮ್ಮಡಿ ಕೀಲು ಊದಿ, ಕಾಲು ಪಕ್ಕಕ್ಕೆ ತಿರುಚಿದೆ*

ಸ್ನಾಯುರಜ್ಜು ಜಾರಿದೆ. ಆಹಾರದಲ್ಲಿ ಮ್ಯಾಂಗನೀಸ್, ಕೋಲಿನ್ ಕಡಿಮೆಯಾದಾಗ ಎಲುಬಿನ ತುದಿ ಸರಿಯಾಗಿ ಬೆಳೆಯದೆ ರಜ್ಜು ತನ್ನ ಕಾಲುವೆಯಿಂದ ಹೊರಬೀಳುತ್ತದೆ. ಜಾರಿದ ಕೆಲವೇ ಗಂಟೆಗಳಲ್ಲಿ ಕಂಡರೆ ಪ್ರಯತ್ನಿಸಬಹುದು. ಒಬ್ಬರು ಮರಿ ಹಿಡಿಯಿರಿ. ಇನ್ನೊಬ್ಬರು ಕಾಲನ್ನು ಮೆಲ್ಲಗೆ ಹಿಂದಕ್ಕೆ ಚಾಚಿ, ಹೆಬ್ಬೆರಳಿನಿಂದ ಹುರಿಯನ್ನು ನಡುವಿನ ತಗ್ಗಿಗೆ ಸರಿಸಿ, ಹಾಗೇ ಕಾಲು ಮಡಿಸಿ. ಸಣ್ಣದಾಗಿ "ಟಕ್" ಎಂದಂತೆ ಬೆರಳಿಗೆ ತಿಳಿಯುತ್ತದೆ. ಕೀಲಿಗೆ ಮೆತ್ತನೆ ಪಟ್ಟಿ ಸುತ್ತಿ ಎರಡು ಮೂರು ದಿನ ಓಡಾಡದಂತೆ ಇಡಿ. ಮರಿಗೆ ನೋವಾಗುತ್ತದೆ, ಎರಡು ಸಲಕ್ಕೆ ಕೂರದಿದ್ದರೆ ನಿಲ್ಲಿಸಿ. ಜಾರಿ ದಿನಗಳಾಗಿದ್ದರೆ ಯಾವ ಮದ್ದೂ ಅದನ್ನು ಕೂರಿಸದು. ಆದರೂ ಆಹಾರ ಬದಲಿಸಿ, ಉಳಿದ ಮರಿಗಳ ಕಾಲು ಉಳಿಯುತ್ತದೆ.

*ಉ. ತಲೆ ಹಿಂದಕ್ಕೆ ಬಾಗಿ ಆಕಾಶ ನೋಡುತ್ತದೆ, ಇಲ್ಲವೇ ಬೆನ್ನ ಮೇಲೆ ಉರುಳುತ್ತದೆ*

ಆಕಾಶ ನೋಡುವ ಮರಿಗೆ ಬಿ1 ಕೊರತೆ. ಮೇಲೆ ಹೇಳಿದ ಬಿ-ಕಾಂಪ್ಲೆಕ್ಸ್ ನೀರೇ ಸಾಕು, ಹಲವು ಮರಿ ಕೆಲವೇ ಗಂಟೆಗಳಲ್ಲಿ ತಲೆ ನೆಟ್ಟಗೆ ಮಾಡುತ್ತವೆ. ಎರಡರಿಂದ ನಾಲ್ಕು ವಾರದ ಮರಿ ತೂರಾಡಿ ಉರುಳುತ್ತಿದ್ದರೆ ಇ ವಿಟಮಿನ್ ಕೊರತೆಯಿರಬಹುದು. ಹಳಸಿ ಕಮಟು ವಾಸನೆ ಬಂದ ಹಿಂಡಿ, ಎಣ್ಣೆಯಿಂದ ಇದು ಬರುತ್ತದೆ. ಎ, ಡಿ3, ಇ ದ್ರವ ಕೊಡಿ, ಹಳಸಿದ್ದನ್ನು ಗೊಬ್ಬರದ ಗುಂಡಿಗೆ ಹಾಕಿ. ಬೂಷ್ಟು ಹಿಡಿದ ಶೇಂಗಾ ಹಿಂಡಿ, ಗೋವಿನಜೋಳವನ್ನಂತೂ ಮರಿಗೆ ತೋರಿಸಲೂ ಬೇಡಿ.

ಹಂತ 5: ಮನೆಮದ್ದಿಗೆ ನಿಲ್ಲದವನ್ನು ಗುರುತಿಸಿ, ಪಶುವೈದ್ಯರಿಗೆ ತಿಳಿಸಿ

ಕೆಳಗಿನವುಗಳಲ್ಲಿ ಯಾವುದು ಕಂಡರೂ ದನದ ದವಾಖಾನೆಗೆ ಹೋಗಿ, ಅಥವಾ 1962ಕ್ಕೆ ಫೋನು ಮಾಡಿ. ಅದು ಸಂಚಾರಿ ಪಶು ಚಿಕಿತ್ಸೆಯ ಉಚಿತ ಸಂಖ್ಯೆ. ನೋಟ್‌ಬುಕ್ಕಿನಲ್ಲಿ ಬರೆದ ಐದು ಉತ್ತರ ಓದಿ ಹೇಳಿ, ವೈದ್ಯರ ಅರ್ಧ ಕೆಲಸ ಆಗಿರುತ್ತದೆ.

ಕೊಕ್ಕರೆ ರೋಗ (ರಾಣಿಖೇತ್): ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ತಿರುಚಿದ ಕತ್ತು, ಜೊತೆಗೆ ಕಾಲು–ರೆಕ್ಕೆ ಸೋಲು. ಇದು ವೈರಸ್ಸಿನಿಂದ ಬರುತ್ತದೆ, ಬಂದ ಮೇಲೆ ಮದ್ದಿಲ್ಲ, ಓಣಿಯನ್ನೇ ಬಳಿದುಕೊಂಡು ಹೋಗುತ್ತದೆ. ಈ ರೋಗದ ಕೋಳಿ ಮುಟ್ಟಿದ ಕೈ ಕಣ್ಣಿಗೆ ತಾಗಿದರೆ ಮನುಷ್ಯರಿಗೂ ಕಣ್ಣು ಕೆಂಪಾಗಬಹುದು, ಸಾಬೂನಿನಿಂದ ತೊಳೆಯಿರಿ.

ಮಾರೆಕ್ಸ್: ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿ ಮಲಗುತ್ತದೆ. ಹಂಗೇರಿಯ ಯೋಸೆಫ್ ಮಾರೆಕ್ 1907ರಲ್ಲಿ ಮೊದಲು ವಿವರಿಸಿದ ರೋಗವಿದು. ಇದೂ ವೈರಸ್ಸೇ, ಉದುರಿದ ಪುಕ್ಕದ ಹೊಟ್ಟಿನ ಮೂಲಕ ಹರಡುತ್ತದೆ. ಮದ್ದಿಲ್ಲ, ಮೊದಲ ದಿನದ ಲಸಿಕೆಯೊಂದೇ ದಾರಿ.

ರಕ್ತಭೇದಿ (ಕಾಕ್ಸಿಡಿಯೋಸಿಸ್): ಮರಿ ಪುಕ್ಕ ಉಬ್ಬಿಸಿ ಮುದುರಿ ಕೂತಿರುತ್ತದೆ. ಕಾಲಿನ ರೋಗ ಎನಿಸಿದರೂ ನಿಜಕ್ಕೂ ರಕ್ತಹೀನತೆಯ ನಿತ್ರಾಣ. ವೈದ್ಯರು ಹೇಳಿದ ಅಳತೆಯಲ್ಲಿ ಆಂಪ್ರೋಲಿಯಂ ಕೊಟ್ಟರೆ ಗುಣವಾಗುತ್ತದೆ. ಈ ಮದ್ದು ಬಿ1 ವಿಟಮಿನ್ನಿಗೆ ಅಡ್ಡ ಬಂದೇ ರೋಗಾಣುವನ್ನು ಸೊರಗಿಸುತ್ತದೆ. ಆದ್ದರಿಂದ ಮದ್ದು ನಡೆವಾಗ ಬಿ-ಕಾಂಪ್ಲೆಕ್ಸ್ ಬೇಡ, ಮುಗಿದ ಮರುದಿನದಿಂದ ಕೊಡಿ.

ವಿಷ: ಬಿತ್ತನೆಯ ದಿನಗಳಲ್ಲಿ ಬಣ್ಣ ಹಚ್ಚಿದ ಉಪಚರಿಸಿದ ಬೀಜ ಅಂಗಳದಲ್ಲಿ ಚೆಲ್ಲಿರುತ್ತದೆ, ಸಿಂಪರಣೆಯ ಡಬ್ಬಿ ತೊಳೆದ ನೀರು ಮೋರಿಯಲ್ಲಿ ನಿಂತಿರುತ್ತದೆ. ಅದು ಹೊಟ್ಟೆಗೆ ಹೋದರೆ ಹಲವು ಕೋಳಿ ಒಮ್ಮೆಗೇ ಜೊಲ್ಲು ಸುರಿಸಿ, ನಡುಗಿ, ಕಾಲು ಬೀಳುತ್ತವೆ. ಗಂಟೆಗಳ ಲೆಕ್ಕ, ಔಷಧದ ಡಬ್ಬಿಯನ್ನೂ ಹಿಡಿದು ವೈದ್ಯರ ಬಳಿ ಓಡಿ.

ಓಣಿಯಲ್ಲಿ ಇದ್ದಕ್ಕಿದ್ದಂತೆ ಬಹಳ ಕೋಳಿ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ಯಬೇಡಿ, ಮಾರಬೇಡಿ. ಪಶುಪಾಲನಾ ಇಲಾಖೆಗೆ ಮೊದಲು ತಿಳಿಸಿ.

ಹಂತ 6: ಐದು ದಿನದ ಆರೈಕೆ

ಮದ್ದು ಕೊಟ್ಟು ಡಬ್ಬಿಯಲ್ಲಿ ಹಾಕಿದರೆ ಅರ್ಧ ಕೆಲಸವಷ್ಟೇ ಮುಗಿದಂತೆ.

ಹಳೆ ಬಟ್ಟೆಯನ್ನು ಸಿಂಬಿಯಂತೆ ಸುತ್ತಿ ಮರಿಯನ್ನು ಅದರ ನಡುವೆ ಕೂರಿಸಿ. ಕಾಲು ಮೈಯಡಿಗೇ ಇರುತ್ತವೆ, ಪಕ್ಕಕ್ಕೆ ವಾಲುವುದಿಲ್ಲ. ದಿನಕ್ಕೆ ನಾಲ್ಕೈದು ಸಲ ತುಸು ನೆನೆಸಿದ ಆಹಾರ ಕೊಕ್ಕಿನ ಮುಂದಿಡಿ. ಹುಳಿಯುವ ಮುಂಚೆ ತೆಗೆದು ಹೊಸದು ಹಾಕಿ. ಕೆಳಗಿನ ಪುಕ್ಕಕ್ಕೆ ಹಿಕ್ಕೆ ಅಂಟಿದ್ದರೆ ಬೆಚ್ಚನೆ ನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ. ಹಸಿ ಹಾಗೇ ಬಿಟ್ಟರೆ ನೊಣ ಕೂತು ಹುಳ ಬೀಳುತ್ತದೆ.

ಎರಡನೇ ದಿನದಿಂದ ನಿಲ್ಲುವ ಅಭ್ಯಾಸ ಮಾಡಿಸಿ. ಹಳೆ ಸೀರೆಯ ತುಂಡಿಗೆ ಕಾಲು ತೂರುವಷ್ಟು ಎರಡು ತೂತು ಮಾಡಿ, ಜೋಲಿಯಂತೆ ಬುಟ್ಟಿಯ ಬಾಯಿಗೆ ಕಟ್ಟಿ. ಪಾದ ನೆಲಕ್ಕೆ ತಾಗಬೇಕು, ಪೂರ್ತಿ ಭಾರ ಬೀಳಬಾರದು. ಒಂದು ಸಲಕ್ಕೆ 10–15 ನಿಮಿಷ, ದಿನಕ್ಕೆ ಮೂರು ಸಲ. ಹತ್ತಿರ ಇನ್ನೊಂದು ಸಾಧು ಮರಿಯನ್ನು ಬಿಟ್ಟರೆ ಜೊತೆ ಕಂಡು ತಿನ್ನುತ್ತದೆ. ಅಂಟುರೋಗದ ಗುಮಾನಿ ಇದ್ದರೆ ಮಾತ್ರ ಒಂಟಿಯಾಗೇ ಇರಲಿ.

ರಾತ್ರಿ ಮಲಗುವ ಮುಂಚೆ ಒಂದು ಸಾಲು ಬರೆಯಿರಿ: ತಿಂದಿತೇ, ಎಷ್ಟು ಹೊತ್ತು ನಿಂತಿತು, ಹಿಕ್ಕೆ ಹೇಗಿತ್ತು. ಮೂರು ದಿನದ ಮೂರು ಸಾಲು ಓದಿದರೆ ಮರಿ ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ.

ಮಾಡಬಾರದ್ದು ಇಷ್ಟು. ಬರೆ ಹಾಕಬೇಡಿ. ಕಾಲಿಗೆ ಬಿಸಿ ಎಣ್ಣೆ ತಿಕ್ಕಬೇಡಿ. ಅಂಗಡಿಯವರು ಕೊಟ್ಟ ಆಂಟಿಬಯೋಟಿಕ್ ಪುಡಿಯನ್ನು ಅಂದಾಜಿಗೆ ಹಾಕಬೇಡಿ, ಕೊರತೆಯಿಂದ ಬಿದ್ದ ಕಾಲಿಗೆ ಅದರಿಂದ ಏನೂ ಆಗದು.

ಐದಾರು ದಿನವಾದರೂ ತಿನ್ನದೆ, ಏಳದೆ, ಕೂಗದೆ ಮರಿ ಸೊರಗುತ್ತಲೇ ಇದ್ದರೆ ಅದನ್ನು ನರಳಲು ಬಿಡುವುದು ದಯೆಯಲ್ಲ. ನೋವಾಗದಂತೆ ಮುಗಿಸುವ ಬಗೆಯನ್ನು ವೈದ್ಯರಲ್ಲಿ ಕೇಳಿ. ಸತ್ತ ಮರಿಯನ್ನು ತಿಪ್ಪೆಗೆ ಎಸೆಯದೆ, ನಾಯಿ ಕೆದರದಷ್ಟು ಆಳ ತೋಡಿ ಸುಣ್ಣ ಹಾಕಿ ಹೂಳಿ.

ಹಂತ 7: ಒಂದು ಬಿದ್ದಿತು, ಉಳಿದವನ್ನು ಉಳಿಸಿ

ಆಹಾರ: ಮೊದಲ 6–8 ವಾರ ಚಿಕ್ ಸ್ಟಾರ್ಟರ್ ಕೊಡಿ, ಅದರಲ್ಲಿ ಸುಮಾರು 20% ಪ್ರೋಟೀನ್ ಜೊತೆಗೆ ಬೇಕಾದ ವಿಟಮಿನ್, ಖನಿಜ ಇರುತ್ತದೆ. ಆಮೇಲೆ ಮೆಲ್ಲಗೆ ಜೋಳ, ಸಜ್ಜೆ ಸೇರಿಸುತ್ತ ಹೋಗಿ. ನುಗ್ಗೆ ಸೊಪ್ಪು, ಮೆಂತೆ, ರಾಜಗಿರಿಯನ್ನು ಸಣ್ಣಗೆ ಹೆಚ್ಚಿ ದಿನಾ ಹಾಕಿ. ಚೀಲದ ಮೇಲಿನ ತಾರೀಖು ನೋಡಿ ಕೊಳ್ಳಿ, ಹಳೆಯದಾದಷ್ಟೂ ವಿಟಮಿನ್ ಸೊರಗಿರುತ್ತದೆ.

ನೆಲ: ಮೊದಲ ವಾರ ಗೋಣಿಚೀಲ, ಆಮೇಲೆ ಎರಡು ಮೂರು ಇಂಚು ಭತ್ತದ ಹೊಟ್ಟು ಅಥವಾ ಶೇಂಗಾ ಸಿಪ್ಪೆ ಹಾಸಿ. ಒದ್ದೆಯಾದರೆ ಆ ದಿನವೇ ತೆಗೆಯಿರಿ, ರಕ್ತಭೇದಿ ಒದ್ದೆಯಲ್ಲೇ ಹುಟ್ಟುತ್ತದೆ. ಮಗ್ಗದ ಕೋಣೆಯ ಕಸವನ್ನು ಅಂಗಳಕ್ಕೆ ಗುಡಿಸದೆ ಒಂದು ಚೀಲದಲ್ಲಿ ತುಂಬಿಡಿ.

ಗೋಡೆ: ಗೂಡಿನ ಸಂದುಗಳನ್ನು ಮಣ್ಣು ಅಥವಾ ಸಿಮೆಂಟಿನಿಂದ ಮುಚ್ಚಿ ಸುಣ್ಣ ಬಳಿಯಿರಿ. ಕೋಳಿ ಕೂರುವ ಕೋಲು ಗೋಡೆಗೆ ತಾಗದಿರಲಿ.

ಲಸಿಕೆ: ಮರಿ ಕೊಳ್ಳುವಾಗಲೇ ಮಾರೆಕ್ಸ್ ಲಸಿಕೆ ಆಗಿದೆಯೇ ಕೇಳಿ; ಅದನ್ನು ಮರಿಕೇಂದ್ರದಲ್ಲಿ ಮೊದಲ ದಿನ ಕತ್ತಿನ ಹಿಂದೆ ಚುಚ್ಚಬೇಕು. ಬೈಕಿನ ಮೇಲೆ ಬುಟ್ಟಿ ಕಟ್ಟಿಕೊಂಡು ಬರುವ, ಬಣ್ಣ ಹಚ್ಚಿದ ಅಗ್ಗದ ಮರಿಗಳ ಬಗ್ಗೆ ಈ ಪ್ರಶ್ನೆಗೆ ಉತ್ತರ ಸಿಗುವುದು ಕಡಿಮೆ. ಕೊಕ್ಕರೆ ರೋಗಕ್ಕೆ 5–7ನೇ ದಿನ ಕಣ್ಣು ಅಥವಾ ಮೂಗಿಗೆ ಹನಿ, ನಾಲ್ಕನೇ ವಾರ ಮತ್ತೊಮ್ಮೆ, ಎಂಟನೇ ವಾರದ ಹೊತ್ತಿಗೆ ಆರ್‌2ಬಿ ಚುಚ್ಚುಮದ್ದು. ಒಂದು ಶೀಷೆಯಲ್ಲಿ ನೂರಾರು ಮರಿಗಳಿಗಾಗುವಷ್ಟು ಮದ್ದಿರುತ್ತದೆ, ಕಲಸಿದ ಮೇಲೆ ಮಂಜುಗಡ್ಡೆಯ ಮೇಲಿಟ್ಟು ಎರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಮರಿಗೆಂದು ಒಬ್ಬರೇ ತರುವುದು ದಂಡ. ಓಣಿಯ ಹತ್ತು ಮನೆಯ ಅಕ್ಕಂದಿರು ಕೂಡಿ ಒಂದು ದಿನ ಗೊತ್ತು ಮಾಡಿ, ಥರ್ಮಾಸಿನಲ್ಲಿ ಮಂಜುಗಡ್ಡೆ ಹಾಕಿ ಒಂದೇ ಶೀಷೆ ತಂದರೆ ಖರ್ಚು ಹಂಚಿಹೋಗುತ್ತದೆ. ಓಣಿಯ ಎಲ್ಲ ಮರಿಗೂ ಒಟ್ಟಿಗೆ ಹಾಕಿದಾಗ ರೋಗಕ್ಕೆ ಹೊಗಲು ಬಾಗಿಲೂ ಉಳಿಯುವುದಿಲ್ಲ.

ನಾಳೆ ಬೆಳಿಗ್ಗೆ ಬುಟ್ಟಿ ಎತ್ತಿದಾಗ ಓಡಿದ ಮರಿಗಳನ್ನು ಎಣಿಸುವ ಮುಂಚೆ, ಓಡದೆ ಉಳಿದದ್ದು ಇದೆಯೇ ಎಂದು ನೋಡಿ. ಇದ್ದರೆ ಮೊದಲು ಒಂದು ಬಟ್ಟಲು ನೀರನ್ನು ಅದರ ಕೊಕ್ಕಿನ ಹತ್ತಿರ ಇಡಿ. ಆಮೇಲೆ ಕೂತು, ಬೆರಳಿನಿಂದ ಶುರುಮಾಡಿ, ನಿಧಾನವಾಗಿ ನೋಡುತ್ತ ಬನ್ನಿ.